ಸ್ಕ್ರೀನ್ ಒರೆಸುವ ಕಾಕಾ

ನನಗೆ ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಬರೆಯಲು ಹೊರಟಿರುವ ಮನುಷ್ಯನಿಗೆ ಇರಲಿಲ್ಲ. ಬೆಟಗೇರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಟಿವಿ ರಿಪೇರಿ ಅಂಗಡಿ. ಬೋರ್ಡಿನ ಮೇಲೆ ನನ್ನ ಹೆಸರಿದೆ, ಹೆಸರಿನ ಮುಂದೆ ಡಿಪ್ಲೊಮಾ ಇದೆ. ಆದರೂ ಹತ್ತು ವರ್ಷ ಆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಜನ ಬಾಗಿಲಲ್ಲೇ ನಿಂತು ಕೇಳುತ್ತಿದ್ದದ್ದು ಒಂದೇ ಮಾತು: “ಕಾಕಾ ಇಲ್ಲೇನ್ರಿ?”

ಇಲ್ಲ ಎಂದರೆ “ಹಂಗಾದ್ರ ನಾಳಿ ಬರತೀವ್ರಿ” ಎಂದು ಹೊರಟೇಬಿಡುವರು. ಎದುರಿಗೆ ಸ್ಕ್ರೂಡ್ರೈವರ್ ಹಿಡಿದು ನಾನು ಕೂತಿರುತ್ತಿದ್ದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿಗೆ ಕೊಡುವಷ್ಟು ಮರ್ಯಾದೆಯನ್ನೂ ನನಗೆ ಕೊಡುತ್ತಿರಲಿಲ್ಲ.

ಅವರ ಹೆಸರು ನಾನು ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಏನೆಂದು ಮುಂದೆ ಓದಿದರೆ ತಿಳಿಯುತ್ತದೆ. ಊರೆಲ್ಲ ಅವರನ್ನು ಸ್ಕ್ರೀನ್ ಕಾಕಾ ಎನ್ನುತ್ತಿತ್ತು. ನನಗಿಂತ ಎಂಟು ವರ್ಷಕ್ಕೆ ದೊಡ್ಡವರಾದ್ದರಿಂದ ನಾನೂ ಕಾಕಾ ಎನ್ನುತ್ತಿದ್ದೆ. ಹೋದ ತಿಂಗಳು ತೀರಿಕೊಂಡರು. ಅವರ ಮೇಲಿನ ಹೊಟ್ಟೆಕಿಚ್ಚು ಅವರ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರು ಮಗ್ಗದ ಮನೆಯವರು. ಬೆಟಗೇರಿಯಲ್ಲಿ ಸೀರೆ ನೇಯುವ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದಾಗ ಅವರ ಮನೆಯದೂ ನಿಂತಿತು. ಆ ದಿನಗಳಲ್ಲೇ ಒಮ್ಮೆ ತಮ್ಮ ಟಿವಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಹೊತ್ತು ತಂದರು. ಒಳಗಿನ ಒಂದು ಬೋರ್ಡ್ ಸುಟ್ಟಿತ್ತು. ಬದಲಿಸಿದೆ. ಕೊಡುವ ಮುಂಚೆ ಚೊಕ್ಕ ಕಾಣಲಿ ಎಂದು ಅಂಗಡಿಯ ಹಳದಿ ಬಟ್ಟೆ ತೆಗೆದುಕೊಂಡು ಸ್ಕ್ರೀನ್ ಒರೆಸಲು ಹೋದೆ.

“ತಡೀರಿ” ಎಂದರು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿ ನೋಡಿದರು. “ಈ ಅರಬ್ಯಾಗ ಹತ್ತಿ ಕಡಿಮಿ, ಪ್ಲಾಸ್ಟಿಕ್ ಹೆಚ್ಚೈತಿ. ಗೀರು ಬೀಳತಾವು.”

“ಇಷ್ಟ ವರ್ಷ ಇದರಿಂದನ ಒರಸೀನಿ” ಎಂದೆ.

“ಅದು ಕಾಣಸ್ತೈತ್ರಿ” ಎಂದರು. ಅಣಕವೇನೂ ಇರಲಿಲ್ಲ ಧ್ವನಿಯಲ್ಲಿ. ಶೆಲ್ಫಿನ ಮೇಲಿದ್ದ ಇನ್ನೊಬ್ಬರ ಟಿವಿಯನ್ನು ಬಾಗಿಲಿನ ಬೆಳಕಿಗೆ ಸ್ವಲ್ಪ ಓರೆ ಮಾಡಿದರು. ಸ್ಕ್ರೀನಿನ ತುಂಬ ಕೂದಲೆಳೆಯಷ್ಟು ಸಣ್ಣ ಗೀರುಗಳು, ದುಂಡದುಂಡಗೆ. ಅವೆಲ್ಲ ನನ್ನ ಕೈಯವೇ. ನಾನು ಹೊಳಪು ಎಂದುಕೊಂಡು ಜನರಿಗೆ ಕೊಟ್ಟಿದ್ದೆ.

ಒಂದು ವಾರದ ಮೇಲೆ ನಾನೇ ಅವರ ಮನೆಗೆ ಹೋಗಿ ಅಂಗಡಿಗೆ ಬರ್ರಿ ಎಂದು ಕರೆದೆ. ದೊಡ್ಡ ಮನಸ್ಸಿನಿಂದ ಕರೆದೆ ಎಂದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಖರೆ ಹೇಳಬೇಕೆಂದರೆ ಆ ಕೈ ನನ್ನ ಅಂಗಡಿಯೊಳಗಿದ್ದರೆ ಅದರ ಹೆಸರೂ ನನಗೇ ಬಂದೀತು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಪೂರಾ ತಪ್ಪಿತು.

ಅವರು ಒರೆಸುತ್ತಿದ್ದದ್ದು ಹಳೆಯ ಧೋತರದ ತುಂಡಿನಿಂದ. ತೊಳೆದು ತೊಳೆದು ಮೈ ಮೆತ್ತಗಾದ ಧೋತರವೇ ಆಗಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಜಿ ಗೀರುತ್ತದೆ ಎಂದು ಮುಟ್ಟುತ್ತಿರಲಿಲ್ಲ. ಅವರನ್ನು ಸೋಲಿಸಬೇಕೆಂದೇ ನಾನು ಹುಬ್ಬಳ್ಳಿಗೆ ಹೋದಾಗ ಮೈಕ್ರೋಫೈಬರ್ ಬಟ್ಟೆ ತಂದು ಟೇಬಲ್ಲಿನ ಮೇಲೆ ಇಟ್ಟೆ. ಎತ್ತಿಕೊಂಡು ಕೆನ್ನೆಗೆ ಹಚ್ಚಿ ನೋಡಿದರು, ಬೆಳಕಿಗೆ ಹಿಡಿದು ಎಳೆ ನೋಡಿದರು. “ಇದು ನಮ್ಮ ಧೋತರಕ್ಕಿಂತ ಚಲೋ ಐತ್ರಿ. ಎಂಥಾ ನೇಯ್ಗಿ ಮಾಡ್ಯಾರ ನೋಡ್ರಿ” ಎಂದು ಖುಷಿಪಟ್ಟರು. ಒಂದು ಕ್ಷಣವಾದರೂ ಮುಖ ಸಣ್ಣದಾಗಲಿ ಎಂದು ಕಾದಿದ್ದೆ. ಆಗಲಿಲ್ಲ. ಅವತ್ತಿನಿಂದ ಆ ಬಟ್ಟೆಗಳನ್ನು ತಾವೇ ಮನೆಗೆ ಒಯ್ದು, ಬೇರೆ ಬಟ್ಟೆಗಳ ಜೊತೆ ಹಾಕದೆ, ಸುವಾಸನೆಯ ದ್ರಾವಣ ಗೀವಣ ತಾಕಿಸದೆ ತೊಳೆದು ನೆರಳಿನಲ್ಲಿ ಒಣಗಿಸಿ ತರತೊಡಗಿದರು. ಆ ದ್ರಾವಣ ಎಳೆಗೆ ಜಿಡ್ಡು ಹಿಡಿಸುತ್ತದೆ, ಜಿಡ್ಡು ಸ್ಕ್ರೀನಿಗೆ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಯಾರ ಮನೆಗೆ ಹೋದರೂ ಅವರ ಮೊದಲ ಕೆಲಸ ಟಿವಿಯ ಪ್ಲಗ್ ತೆಗೆಯುವುದು. ಎರಡನೆಯ ಕೆಲಸ ಸುಮ್ಮನೆ ಕೂರುವುದು. “ಮೊದಲ ಆರಲಿ” ಎನ್ನುವರು. ಬಿಸಿ ಸ್ಕ್ರೀನಿಗೆ ಒದ್ದೆ ಬಟ್ಟೆ ಹಚ್ಚಿದರೆ ಕಲೆ ಉಳಿಯುತ್ತದೆ, ಅದು ಸರಿಯೇ. ಆದರೆ ಆರುವ ತನಕ ಕಾಲು ಗಂಟೆ ಆ ಮನೆಯವರ ಜೊತೆ ಮಾತಾಡುತ್ತ ಕೂರುತ್ತಿದ್ದರಲ್ಲ, ಅದರಲ್ಲಿತ್ತು ಅವರ ಗೆಲುವು. ಶೇಂಗಾ ಹೆಂಗ ಬಂತು, ಮೊಣಕಾಲು ಹೆಂಗೈತಿ, ಮಗಳು ಯಾವಾಗ ಬರತಾಳ ಎಂದು ಕೇಳುವರು. ಚಹಾ ಬರುವುದು. ಟಿವಿ ತಣ್ಣಗಾಗುವುದರೊಳಗೆ ಮನೆಯವರೆಲ್ಲ ಅವರ ಕಡೆ ಆಗಿರುತ್ತಿದ್ದರು. ನಾನು ಹೋದಾಗ ಕೆಲಸ ಮುಗಿಸಿ ಹತ್ತು ನಿಮಿಷದಲ್ಲಿ ಹೊರಗೆ. ಹೊತ್ತು ಉಳಿಸುವ ನನಗೆ ನೀರು ಬೇಕೇ ಎಂದೂ ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಅವರು ಎದ್ದು ಮೆತ್ತನೆಯ ಬ್ರಶ್ಶಿನಿಂದ ಮೊದಲು ಧೂಳು ಇಳಿಸುವರು. ಧೂಳಿನ ಮೇಲೆ ಬಟ್ಟೆ ಆಡಿಸಿದರೆ ಧೂಳೇ ಗೀರುತ್ತದೆ. ಒಣ ಬಟ್ಟೆಯಿಂದ ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ. ಜಿಡ್ಡು ಉಳಿದಿದ್ದರೆ ಮಾತ್ರ ನೀರು, ಅದೂ ಬ್ಯಾಟರಿಗೆ ಹಾಕುವಂಥ ಶುದ್ಧ ನೀರು, ಬಟ್ಟೆಗೆ ಮಾತ್ರ. ಸ್ಕ್ರೀನಿನ ಮೇಲೆ ನೇರವಾಗಿ ನೀರು ಹೊಡೆಯುವವರನ್ನು ಕಂಡರೆ ಅವರಿಗೆ ಸಂಕಟವಾಗುತ್ತಿತ್ತು. ನೀರು ಇಳಿದು ಕೆಳ ಅಂಚಿನೊಳಗೆ ಸೇರುತ್ತದೆ, ಅಲ್ಲಿಯ ಎಳೆಯಂಥ ತಂತಿಗಳು ಕೊಳೆಯುತ್ತವೆ, ಒಂದು ದಿನ ಚಿತ್ರದ ಮೇಲೆ ಗೆರೆಗಳು ಎದ್ದು ನಿಲ್ಲುತ್ತವೆ. ಈ ಅಂಚಿನ ಮಾತು ನಾನು ಹೇಳಿಕೊಟ್ಟದ್ದು. ಅದೊಂದು ನನ್ನದು ಅಂತ ದಯವಿಟ್ಟು ನೆನಪಿಡಿ.

ಅಸುಂಡಿಯ ಒಂದು ಮನೆಗೆ ನಾನು ಎರಡು ಸಲ ಹೋಗಿ ಬಂದಿದ್ದೆ. ಆ ಮನೆಯ ಅಜ್ಜಿಗೆ ಟಿವಿ ಮಂಕಾಗಿ ಕಾಣುತ್ತಿತ್ತು. ಹಿಂಬದಿ ಬಿಚ್ಚಿ ಲೈಟು ಪರೀಕ್ಷಿಸಿದೆ, ಸೆಟ್ಟಿಂಗ್ ಬದಲಿಸಿದೆ, ಏನೂ ದೋಷವಿರಲಿಲ್ಲ. “ಇನ್ನೂ ಮಬ್ಬ ಐತೋ ತಮ್ಮಾ” ಎಂದು ಅಜ್ಜಿ ಎರಡು ಸಲವೂ ಅಂದಳು. ಮೂರನೆಯ ಸಲ ಕಾಕಾ ಹೋದರು. ಸ್ಕ್ರೀನ್ ಒರೆಸಿದರು. ಆಮೇಲೆ “ಆಯಿ, ಚಸ್ಮಾ ಕೊಡ್ರಿ ಇಲ್ಲೆ” ಎಂದು ಅಜ್ಜಿಯ ಕನ್ನಡಕ ಇಸಿದುಕೊಂಡು ಅದೇ ಬಟ್ಟೆಯ ಒಣ ಮೂಲೆಯಿಂದ ಒರೆಸಿ ಮೂಗಿನ ಮೇಲೆ ಇಟ್ಟರು. ಟಿವಿ ಹೊಸದಾಯಿತು. ಅಜ್ಜಿ ಊರೆಲ್ಲ ಹೇಳಿದಳು. ಕನ್ನಡಕದ ಮಾತು ಕಾಕಾ ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ್ದು ಅಜ್ಜಿಯ ಸೊಸೆ, ಅದೂ ನಗುತ್ತ. ನಾನು ಮನೆಗೆ ಬಂದು ಊಟ ಮಾಡಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಊಟ ಬಿಡುವವನು ನಾನು ಎಂಬುದು ಅವತ್ತು ಗೊತ್ತಾಯಿತು.

ನಮ್ಮ ಕಡೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತೆಂದರೆ ಟಿವಿಗಳ ಗತಿ ಕೇಳಬಾರದು. ಮನೆಯಲ್ಲಿ ಇರುವ ಕುಡುಗೋಲು, ಮೋಟರ್ ಸೈಕಲ್ಲು, ಮಿಕ್ಸರಿನ ಜೊತೆ ಟಿವಿಗೂ ಪೂಜೆ. ವಿಭೂತಿಯನ್ನು ನೀರಿನಲ್ಲಿ ಕಲಸಿ ಸ್ಕ್ರೀನಿಗೆ ಮೂರು ಬೆರಳಿನಿಂದ ಅಡ್ಡಗೆರೆ ಎಳೆಯುವುದು, ನಡುವೆ ಕುಂಕುಮ ಇಡುವುದು, ಮೇಲಿಂದ ಹೂವಿನಿಂದ ನೀರು ಚಿಮುಕಿಸುವುದು. ಮರುದಿನ ಒಣಗಿದ ವಿಭೂತಿಯನ್ನು ಸೆರಗಿನಿಂದ ತಿಕ್ಕಿ ತೆಗೆಯುವುದು. ಹಬ್ಬ ಆದ ವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ವಿಭೂತಿ ಅಂದರೆ ಪುಡಿ, ಪುಡಿ ಅಂದರೆ ಗೀರು ಎಂದು ನಾನು ಓಣಿಯಲ್ಲಿ ನಿಂತು ಹೇಳಿದೆ. ಗ್ಯಾರಂಟಿ ಕಾರ್ಡು ಓದಿ ತೋರಿಸಿದೆ. ಒಬ್ಬ ಹಿರಿಯಳು “ದೇವರಿಗೆ ನಿನ್ನ ಗ್ಯಾರಂಟಿ ಹೇಳಬ್ಯಾಡ” ಎಂದು ಬಾಗಿಲು ಹಾಕಿಕೊಂಡಳು.

ಕಾಕಾ ಹಬ್ಬದ ಹಿಂದಿನ ದಿನ ಅದೇ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಕೇಳಿದರಂತೆ: “ಅವ್ವಾರ, ಹಿರೇರಿಗೆ ನಮಸ್ಕಾರ ಎಲ್ಲಿ ಮಾಡತೀರಿ? ಮಾರಿಗೋ ಕಾಲಿಗೋ?”

“ಕಾಲಿಗೆ ಮಾಡತೀವಪಾ.”

“ಟಿವಿಗೂ ಎರಡ ಕಾಲ ಅದಾವ್ರಿ. ಅಲ್ಲಿ ಹಚ್ಚರಿ ವಿಭೂತಿ.”

ಆ ವರ್ಷ ಇಡೀ ಓಣಿ ಟಿವಿಯ ಕಾಲಿಗೆ, ಅಂದರೆ ಕೆಳಗಿನ ಸ್ಟ್ಯಾಂಡಿಗೆ, ವಿಭೂತಿ ಹಚ್ಚಿತು. ಈಗಲೂ ಹಚ್ಚುತ್ತಾರೆ. ನಾನು ಈ ಮಾತು ಕದ್ದು ಶಿರಹಟ್ಟಿಯಲ್ಲಿ ನನ್ನದೇ ಎಂಬಂತೆ ಹೇಳಿದೆ. ಅಲ್ಲಿದ್ದವರೊಬ್ಬರು “ಇದು ಸ್ಕ್ರೀನ್ ಕಾಕಾನ ಮಾತಲ್ಲೇನ್ರಿ?” ಎಂದರು. ಬೆಟಗೇರಿಯ ಮಾತು ನನಗಿಂತ ಮುಂಚೆ ಶಿರಹಟ್ಟಿಯ ಬಸ್ಸು ಹತ್ತಿತ್ತು.

ನನ್ನ ಹೆಂಡತಿಯೂ ಅವರ ಕಡೆಯವಳೇ. ರೊಟ್ಟಿ ಬಡಿಯುತ್ತ ಹಿಟ್ಟಿನ ಕೈಯಲ್ಲೇ ಫೋನ್ ಎತ್ತುವ ಚಾಳಿ ಅವಳದು. ಹತ್ತು ವರ್ಷ ಬೈದೆ, ಬಿಡಲಿಲ್ಲ. ಕಾಕಾ ಒಮ್ಮೆ ಮನೆಗೆ ಬಂದಾಗ ಅವಳ ಫೋನ್ ನೋಡಿ, “ತಂಗೆವ್ವಾ, ಕಿರುಬೆರಳಿಗೆ ಹಿಟ್ಟು ಹತ್ತಂಗಿಲ್ಲ ನೋಡು, ಅದರಿಂದ ಒತ್ತು” ಎಂದರು. ಅವತ್ತಿನಿಂದ ಅವಳು ಕಿರುಬೆರಳಿನಲ್ಲೇ ಫೋನ್ ಎತ್ತುತ್ತಾಳೆ. ಅದನ್ನು ದಿನಾ ನೋಡಬೇಕಾದವನು ನಾನು. “ಅವರು ಹೇಳೋ ರೀತಿ ಬ್ಯಾರೆ” ಎನ್ನುತ್ತಾಳೆ. ನಾನು ಹೇಳುವ ರೀತಿ ಯಾವುದು ಎಂದು ನಾನು ಕೇಳಲಿಲ್ಲ, ಉತ್ತರ ಬರುತ್ತದೆ ಎಂಬ ಭಯಕ್ಕೆ.

ಇಷ್ಟೆಲ್ಲ ಆದರೂ ಕಾಕಾ ನನ್ನ ವಿಷಯದಲ್ಲಿ ಒಂದು ಮಾತು ಹಗುರ ಆಡಿದವರಲ್ಲ. ಗಿರಾಕಿಗಳೆದುರು ನಾನು “ಇವರಿಗೆ ಎಲ್ಲಾ ನಾನ ಕಲಿಸೀನಿ” ಎಂದರೆ, ಬಟ್ಟೆ ಮಡಚುತ್ತ “ಹೌದ್ರಿ, ಇವರ ಅಂಗಡ್ಯಾಗ ಕಲತೀನಿ” ಎನ್ನುವರು. ಒಮ್ಮೆಯಾದರೂ ಅಲ್ಲ ಎಂದಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಜಗಳಕ್ಕೂ ಸಿಗದ ಮನುಷ್ಯನನ್ನು ಎದುರಿಗಿಟ್ಟುಕೊಂಡು ದಿನ ಕಳೆಯುವುದು ಬಹಳ ಕಷ್ಟ.

ಈಗ ಮುಂಡರಗಿಯ ಮಾತು. ಅಲ್ಲಿ ಒಬ್ಬ ಲೇಡಿ ಡಾಕ್ಟರರ ಸ್ಕ್ಯಾನಿಂಗ್ ಸೆಂಟರ್ ಇತ್ತು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಅಲ್ಲಿಯ ಸ್ಕ್ರೀನುಗಳನ್ನು ಚೊಕ್ಕ ಮಾಡಿ ಬರುವುದು ನಮ್ಮ ಅಂಗಡಿಯ ಕೆಲಸ, ಅಂದರೆ ಕಾಕಾನ ಕೆಲಸ. ಬಸುರಿಯರ ಹೊಟ್ಟೆಗೆ ಹಚ್ಚುವ ಅಂಟು ಡಾಕ್ಟರ ಬೆರಳಿನಿಂದ ಸ್ಕ್ರೀನಿಗೂ ಹತ್ತಿ ಒಣಗುತ್ತದೆ. ಕಾಕಾ ಅದರ ಮೇಲೆ ಒದ್ದೆ ಬಟ್ಟೆ ಮೆಲ್ಲಗೆ ಆನಿಸಿ ಹಿಡಿದು, ಅದು ತಾನಾಗಿ ನೆನೆಯುವ ತನಕ ಕಾದು ಎತ್ತುತ್ತಿದ್ದರು. ಡಾಕ್ಟರ್ ಬಾಯಿ ಮಾತು ಕಡಿಮೆಯವರು. ಅಂಥವರು ಒಮ್ಮೆ ನನಗೆ ಫೋನ್ ಮಾಡಿ, “ನಿಮ್ಮ ಕಾಕಾ ಬಂದು ಹೋದ ದಿನ ನನ್ನ ಕಣ್ಣಿಗೆ ಆರಾಮ ಆಗತೈತಿ” ಎಂದರು. ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಒಂದು ತಿಂಗಳು ಕಾಕಾ ಲಕ್ಷ್ಮೇಶ್ವರಕ್ಕೆ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಹೋಗಬೇಕಿತ್ತು. “ಮುಂಡರಗಿಗೆ ಮುಂದಿನ ವಾರ ಹೋಗತೀನ್ರಿ” ಎಂದರು. “ಯಾಕ, ನಾನ ಹೋಗಿಬರತೀನಿ” ಎಂದೆ. ಆ ಡಾಕ್ಟರ ಬಾಯಿಂದ ಒಂದು ಒಳ್ಳೆಯ ಮಾತು ನನಗೂ ಬೇಕಾಗಿತ್ತು. ನನಗಿಂತ ಹತ್ತು ವರ್ಷ ಚಿಕ್ಕ ಹೆಣ್ಣುಮಗಳ ಶಭಾಸಗಿರಿಗೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಹತ್ತಿದೆ.

ಸ್ಕ್ರೀನಿನ ನಡುವೆಯೇ ಅಂಟು ಒಣಗಿ ಕೂತಿತ್ತು. ನೆನೆಯುವ ತನಕ ಕಾಯುವ ಸಹನೆ ನನಗಿಲ್ಲ. ಹೊರಗೆ ಹೆಂಗಸರು ಸರತಿಯಲ್ಲಿ ಕೂತಿದ್ದರು, ಡಾಕ್ಟರು ಬರುವುದರೊಳಗೆ ಫಳಫಳ ಮಾಡಿ ತೋರಿಸಬೇಕೆಂಬ ಅವಸರ. ಟ್ರೇಯಲ್ಲಿ ಸ್ಪಿರಿಟ್ ಬಾಟಲಿ ಇತ್ತು. ಸೂಜಿ ಹಾಕುವ ಮುಂಚೆ ತೋಳಿಗೆ ಹಚ್ಚುವುದಲ್ಲವೇ, ದವಾಖಾನೆಯ ಸ್ಕ್ರೀನಿಗೆ ದವಾಖಾನೆಯದೇ ಮದ್ದು ಎಂದುಕೊಂಡು ಹತ್ತಿಗೆ ಹಾಕಿ ಒತ್ತಿ ತಿಕ್ಕಿದೆ. ಅಂಟು ಹೋಯಿತು. ಹಸಿ ಇರುವ ತನಕ ಕನ್ನಡಿಯಂತಿತ್ತು. ಆರಿದ ಮೇಲೆ ನಡುವೆ ಅಂಗೈಯಗಲ ಜಾಗ ಹಾಲು ಬಿದ್ದ ಹಾಗೆ ಬೆಳ್ಳಗಾಯಿತು. ಸ್ಕ್ರೀನಿನ ಮೇಲೆ ಬೆಳಕು ಹೊಡೆಯದಂತೆ ಬಳಿದ ತೆಳು ಪದರ ಇರುತ್ತದೆ, ಅದನ್ನು ನಾನು ಕಿತ್ತುಹಾಕಿದ್ದೆ. ಅದು ಮತ್ತೆ ಬರುವಂಥದ್ದಲ್ಲ.

ಡಾಕ್ಟರ್ ಬಾಯಿ ಬಂದು ಕೂತರು, ಒಂದು ಸ್ಕ್ಯಾನ್ ತೆರೆದರು, ಕುರ್ಚಿ ಹಿಂದೆ ಸರಿಸಿದರು, ಮುಂದೆ ಸರಿಸಿದರು. “ಇಲ್ಲಿ ಏನಿದು ಮಸುಕು? ಕೂಸಿನ ಎದಿ ನೋಡೋ ಜಾಗಾದಾಗ ಮಂಜು ಕುಂತಂಗ ಐತಲ್ಲ” ಎಂದರು.

ನನ್ನ ಬಾಯಿಂದ ಹೊರಟ ಮಾತು ಇದು. ಯೋಚಿಸಿ ಆಡಿದ್ದಲ್ಲ, ಆದರೆ ಬಹಳ ವರ್ಷದಿಂದ ನಾಲಿಗೆಯ ಮೇಲೆಯೇ ಇದ್ದಿರಬೇಕು. “ಹಿಂದಿನ ಸಲ ಕಾಕಾ ಏನೋ ಹಚ್ಚಿರಬೇಕ್ರಿ ಮೇಡಂ. ಈಗ ಪದರ ಬಿಡಾಕ ಹತ್ತೈತಿ. ಏನ್ ಮಾಡೋದು, ಅವರು ಕಲತವರಲ್ಲ.”

“ಅವರು ಹಂಗ ಮಾಡೋರಲ್ಲ” ಎಂದರು.

“ನನಗೂ ಹಂಗ ಅನಸಿತ್ರಿ” ಎಂದೆ.

ಸ್ವಲ್ಪ ಹೊತ್ತು ಆ ಬೆಳ್ಳನೆಯ ಜಾಗವನ್ನೇ ನೋಡಿದರು. “ಹಂಗಾದ್ರ ಇನ್ನ ಮ್ಯಾಲೆ ಅವರನ್ನ ಕಳಸಬ್ಯಾಡ್ರಿ” ಎಂದರು. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಸಂತೋಷವಾಗಿತ್ತು. ನಾಚಿಕೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಡಂಬಳ ದಾಟುವ ತನಕ ಸಂತೋಷವೇ ಇತ್ತು.

ಮುಂಡರಗಿ ಸಣ್ಣ ಊರು. ಒಬ್ಬ ಡಾಕ್ಟರಿಗೆ ತಿಳಿದದ್ದು ಉಳಿದವರಿಗೆ ತಿಳಿಯಿತು. ಒಂದು ದವಾಖಾನೆ, ಒಂದು ಕಣ್ಣಿನ ಆಸ್ಪತ್ರೆ, ಬೇರೆ ಯಾರನ್ನಾದರೂ ಕಳಿಸಿ ಎಂದವು. ಎರಡು ವಾರದ ಮೇಲೆ ಕಾಕಾ ಅಂಗಡಿಗೆ ಬಂದು ನನ್ನ ಟೇಬಲ್ಲಿನ ಎದುರು ನಿಂತರು. ನಾನು ಬೆಸುಗೆ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ.

“ಮುಂಡರಗ್ಯಾಗ ನಾ ಸ್ಕ್ರೀನ್ ಕೆಡಿಸೀನಂತ ಅಂತಾರ್ರಿ” ಎಂದರು.

“ಯಾರಂದ್ರು?”

“ಯಾರರ ಯಾಕ ಅನ್ಲಿ. ನಾ ನೀರ ಬಿಟ್ಟ ಬ್ಯಾರೆ ಏನೂ ಹಚ್ಚಂಗಿಲ್ಲ, ನಿಮಗ ಗೊತ್ತೈತಲ್ರಿ.”

“ಗೊತ್ತೈತಿ.”

“ಮತ್ತ ಮೇಡಂ ಅವರಿಗೆ ಒಂದ ಮಾತ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ, ನೀವು ಕಲತವರು. ನೀವು ಹೇಳಿದ್ರ ನಂಬತಾರ. ನನಗ ಬ್ಯಾರೆ ಏನೈತ್ರಿ, ಈ ಹೆಸರೊಂದ.”

ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರು ನನ್ನನ್ನು ನೋಡಿದ ರೀತಿಯಲ್ಲಿ ಅನುಮಾನ ಇರಲಿಲ್ಲ, ಬೇಡಿಕೆ ಇತ್ತು. “ಆತು, ಮುಂದಿನ ವಾರ ಹೋಗತೀನಿ, ಹೇಳತೀನಿ” ಎಂದೆ. ಹೋಗಲಿಲ್ಲ. ಮತ್ತೆ ಕೇಳಿದಾಗ ಮೇಡಂ ಊರಲ್ಲಿಲ್ಲ ಎಂದೆ. ಇನ್ನೊಮ್ಮೆ ಕೇಳಿದಾಗ ಕೆಲಸ ಹೆಚ್ಚೈತಿ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು. ಕೆಲಸ ಬಿಡಲಿಲ್ಲ. ಬಿಡಲಿ ಎಂದು ನಾನು ಕಾದೆ, ಬಿಡಲಿಲ್ಲ.

ಆದರೆ ಒಂದು ಹೊಸ ಅಭ್ಯಾಸ ಬಂತು ಅವರಿಗೆ. ಯಾರ ಮನೆಯಲ್ಲೇ ಆಗಲಿ ಸ್ಕ್ರೀನ್ ಮುಟ್ಟುವ ಮುಂಚೆ ಒದ್ದೆ ಬಟ್ಟೆಯನ್ನು ಆ ಮನೆಯವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. “ನೋಡ್ರಿ, ಬರೇ ನೀರು. ವಾಸನಿ ನೋಡ್ರಿ.” ವರ್ಷಗಟ್ಟಲೆ ಬಲ್ಲ ಜನ, ಅವರ ಕೈಗೆ ಕಣ್ಣುಮುಚ್ಚಿ ಫೋನ್ ಟಿವಿ ಕೊಟ್ಟ ಜನ, “ಇದೇನ್ ಕಾಕಾ, ನಮಗ ತೋರಸ್ತೀರಿ” ಎಂದು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಮೂಸಿದವರು ಹೌದು ನೀರು ಎನ್ನುವ ತನಕ ಕೈ ಕೆಳಗಿಳಿಸುತ್ತಿರಲಿಲ್ಲ. ಒಂದು ದಿನ ನನ್ನ ಮನೆಯಲ್ಲೇ, ನನ್ನ ಹೆಂಡತಿಯ ಎದುರು, ಹಾಗೆ ಬಟ್ಟೆ ಹಿಡಿದರು. ಅವಳು ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ಪೇಪರ್ ಓದುತ್ತಿದ್ದೆ. ಎರಡು ವರ್ಷ ಇದನ್ನು ನೋಡಿಕೊಂಡೇ ಇದ್ದೆ. ಒಂದು ಮಾತು ಸಾಕಾಗಿತ್ತು, ಮುಂಡರಗಿಗೆ ಒಂದೂವರೆ ತಾಸಿನ ದಾರಿ ಸಾಕಾಗಿತ್ತು. ಆದರೆ ಆ ಮಾತು ಆಡಿದರೆ ಅವರು ಮತ್ತೆ ಮೊದಲಿನ ಕಾಕಾ ಆಗುತ್ತಿದ್ದರು, ನಾನು ಸ್ಪಿರಿಟ್ ಹಚ್ಚಿದವನಾಗುತ್ತಿದ್ದೆ. ಅದು ನನ್ನಿಂದ ಆಗಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಎದೆ ನೋವು ಎಂದು ಕೂತವರು ಏಳಲಿಲ್ಲ. ಖಬರ ಬಂದಾಗ ನಾನು ಅಂಗಡಿಯ ಬೀಗ ತೆಗೆಯುತ್ತಿದ್ದೆ. ಓಡಿದೆ. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಅಸುಂಡಿಯಿಂದ ಟಂಟಂ ತುಂಬಿ ಬಂದಿದ್ದರು. ನಾಗಾವಿಯಿಂದ, ಅಂತೂರ ಬೆಂತೂರಿನಿಂದ, ಶಿರಹಟ್ಟಿಯಿಂದ ಬಂದಿದ್ದರು. ಬರೀ ಸ್ಕ್ರೀನ್ ಒರೆಸಿದ ಮನುಷ್ಯನಿಗೆ ಇಷ್ಟು ಜನ. ಹೆಣದ ಎದುರು ನಿಂತು ನಾನು ಮಾಡುತ್ತಿದ್ದ ಯೋಚನೆ ಹೇಳಲೇ? ನಾನು ಸತ್ತರೆ ಇವರಲ್ಲಿ ಯಾರ್ಯಾರು ಬಂದಾರು ಎಂದು ಮುಖ ಮುಖ ನೋಡುತ್ತಿದ್ದೆ. ಹೆಚ್ಚು ಮುಖ ಸಿಗಲಿಲ್ಲ. ಮುಂಡರಗಿಯಿಂದ ಮಾತ್ರ ಒಬ್ಬರೂ ಬಂದಿರಲಿಲ್ಲ. ಅದು ಕಂಡ ಮೇಲೆ ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಕೂತೆ. ಅವರೆಲ್ಲ ಬರುವವರೇ. ನಾನು ತಡೆದಿದ್ದೆ.

ದಿನಕರ್ಮಗಳು ಮುಗಿದ ಮೇಲೆ ಒಂದು ಮುಂಜಾನೆ ಬಸ್ ಹತ್ತಿ ಮುಂಡರಗಿಗೆ ಹೋದೆ. ಸೆಂಟರ್ ದೊಡ್ಡದಾಗಿತ್ತು, ಹೊಸ ಮಶೀನು ಬಂದಿತ್ತು. ಡಾಕ್ಟರ್ ಬಾಯಿ ಗುರುತು ಹಿಡಿದರು. “ನೀವು ಬೆಟಗೇರಿ ಟಿವಿಯವರಲ್ಲ? ಆ ಸ್ಕ್ರೀನ್ ಕೆಡಿಸಿದ ಕಾಕಾನ ಅಂಗಡಿ” ಎಂದರು. ಅವರ ನೆನಪಿನಲ್ಲಿ ಕಾಕಾ ಉಳಿದದ್ದು ಅಷ್ಟೇ. ಕಣ್ಣಿಗೆ ಆರಾಮ ಕೊಟ್ಟದ್ದು ಹೋಗಿತ್ತು, ಕೆಡಿಸಿದ್ದು ಉಳಿದಿತ್ತು.

“ಕೆಡಿಸಿದಾಂವ ಅವರಲ್ರಿ ಮೇಡಂ. ನಾನು. ಅವತ್ತ ನಿಮ್ಮ ಟ್ರೇದಾಗಿನ ಸ್ಪಿರಿಟ್ ಹಚ್ಚಿ ತಿಕ್ಕಿದ್ದೆ. ಅವರ ಮ್ಯಾಲೆ ಹಾಕಿದೆ.”

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಯಾಕ?” ಎಂದರು.

“ನೀವು ಅವರನ್ನ ಹೊಗಳಿದ್ರಿ. ನನಗ ತಡಕೊಳ್ಳಾಕ ಆಗಲಿಲ್ಲ.”

ಬೈಯಲಿ ಎಂದು ನಾನು ನಿಂತೇ ಇದ್ದೆ. “ಅವರು ಒಂದ ಸಲ ಇಲ್ಲಿಗೆ ಬಂದಿದ್ದರು” ಎಂದರು ಡಾಕ್ಟರ್ ಬಾಯಿ. “ಹೊರಗ ಪೇಷಂಟ್ ನಡುವ ಮಧ್ಯಾಹ್ನದ ತನಕ ಕುಂತಿದ್ದರು. ಭೆಟ್ಟಿ ಆಗಬೇಕು ಅಂತ ಚೀಟಿ ಕಳಿಸಿದ್ದರು. ಪುರುಸೊತ್ತಿಲ್ಲ ಅಂತ ಹೇಳಿ ಕಳಿಸಿದೆ.”

ಈ ವಿಷಯ ನನಗೆ ಗೊತ್ತಿರಲಿಲ್ಲ. ನನ್ನನ್ನು ಕೇಳುವುದನ್ನು ಬಿಟ್ಟ ಮೇಲೆ ತಾವೇ ಬಂದಿದ್ದರು. ನನಗೆ ಹೇಳಿರಲಿಲ್ಲ, ಮರುದಿನ ಬಂದು ಎಂದಿನಂತೆ ಒಣಗಿದ ಬಟ್ಟೆ ಟೇಬಲ್ಲಿನ ಮೇಲೆ ಇಟ್ಟಿರಬೇಕು.

ಡಾಕ್ಟರ್ ಬಾಯಿ ಎದ್ದು ಹೊಸ ಮಶೀನಿನ ಹತ್ತಿರ ಹೋದರು. ಅದರ ಸ್ಕ್ರೀನಿನ ಮೇಲೆ ಬೆರಳಿನ ಗುರುತುಗಳು, ಒಣಗಿದ ಅಂಟು. “ಎರಡ ವರ್ಷದಿಂದ ಯಾರಿಗೂ ಮುಟ್ಟಗೊಟ್ಟಿಲ್ಲ ನಾ, ಹೆದರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅವರನ್ನ ಕಳಸ್ರಿ. ನಾನ ಅವರ ಹತ್ರ ಮಾತಾಡತೀನಿ. ಇದಕ್ಕ ಅವರ ಕೈನ ಆಗಬೇಕು” ಎಂದರು.

ನಾನು ಅಲ್ಲೇ ಎದುರಿಗೆ ನಿಂತಿದ್ದೆ. ಸ್ಕ್ರೀನೂ ಎದುರಿಗೇ ಇತ್ತು. ಈ ಎರಡು ವರ್ಷದಲ್ಲಿ ಅವರ ಪಕ್ಕದಲ್ಲಿ ಕೂತು ನೋಡಿ ನೋಡಿ ಒಣಗಿದ ಕಲೆಯನ್ನು ನೆನೆಸಿ ಎತ್ತುವುದು ನನಗೂ ಬಂದಿತ್ತು. ಅವರ ಕೈನ ಆಗಬೇಕು ಎಂದಾಗ ನನ್ನ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ಮಣ್ಣಾದವನ ಮೇಲೆ, ನಾನೇ ಅವನ ಹೆಸರು ತೊಳೆಯಲು ಬಂದು ನಿಂತ ಜಾಗದಲ್ಲಿ.

“ಯಾವಾಗ ಬರತಾರ?” ಎಂದು ಕೇಳಿದರು ಅವರು.

“ತೀರಿಕೊಂಡರ್ರಿ ಮೇಡಂ” ಎಂದೆ. “ನಾ ತಡಾ ಮಾಡಿ ಬಂದೆ.”